ಗುಲಾಬಿ ಪಾತಿಯ ಮಣ್ಣು

ಆಸ್ಟ್ರೇಲಿಯಾದ ಅಡಿಲೇಡಿನ ಪೂರ್ವಕ್ಕಿರುವ ಗುಡ್ಡಗಳ ಮೇಲೆ ಒಂದು ಬಂಗಲೆ ಇದೆ. ಅದರ ದಿವಾನಖಾನೆ ವರ್ಷವಿಡೀ ತಣ್ಣಗಿರುತ್ತದೆ. ಕಟ್ಟಿಸಿದವನು ಇಂಗ್ಲೆಂಡಿನ ಹಳ್ಳಿಗಾಡಿನಿಂದ ಬಂದವನು. ಅವನ ಅಪ್ಪ ಅಲ್ಲೊಬ್ಬ ದೊಡ್ಡ ಜಮೀನ್ದಾರನ ಲಾಯದಲ್ಲಿ ಕುದುರೆ ಮೈ ತಿಕ್ಕುತ್ತಿದ್ದನಂತೆ. ಮಗ ಇಲ್ಲಿಗೆ ಬಂದು ಕುರಿ ಸಾಕಿ, ಉಣ್ಣೆ ಮಾರಿ ಸಾಹುಕಾರನಾದ ಮೇಲೆ, ಅಪ್ಪನನ್ನು ಹೊಸ್ತಿಲು ದಾಟಲು ಬಿಡದಿದ್ದ ಆ ಮನೆಯನ್ನೇ ಕಲ್ಲಿಗೆ ಕಲ್ಲು ಹೋಲುವಂತೆ ಇಲ್ಲಿ ಎಬ್ಬಿಸಿದ. ಚಿಮಣಿಗಳು ಅವೇ, ಕಿಟಕಿಗಳು ಅವೇ, ದಿಕ್ಕೂ ಅದೇ. ಎಡವಟ್ಟಾಗಿದ್ದು ಅಲ್ಲೇ. ಇಂಗ್ಲೆಂಡಿನಲ್ಲಿ ಬಿಸಿಲು ಬೀಳಲಿ ಎಂದು ಒಳ್ಳೆಯ ಕೋಣೆಗಳನ್ನೆಲ್ಲ ದಕ್ಷಿಣಕ್ಕೆ ಮುಖ ಮಾಡಿಸುತ್ತಾರೆ. ಇಲ್ಲಿ ಸೂರ್ಯ ಓಡಾಡುವುದು ಉತ್ತರದ ಕಡೆ. ಹಾಗಾಗಿ ಲಾಯಕ್ಕೂ ಪಾತ್ರೆ ತೊಳೆಯುವ ಕೋಣೆಗೂ ದಿನವೆಲ್ಲ ಬಿಸಿಲು. ಯಜಮಾನರು ಕೂರುವ ದಿವಾನಖಾನೆಗೆ ಕತ್ತಲೆ. ಅವನ ಮೊದಲ ಹೆಂಡತಿ ಅಲ್ಲಿ ಕೂತು ಕೆಮ್ಮಿ ಕೆಮ್ಮಿ ಸತ್ತಳು. ಎರಡನೆಯವಳು ಜಾಣೆ. ಮಂಚವನ್ನು ಅಡುಗೆಮನೆಯ ಪಕ್ಕಕ್ಕೆ ಸಾಗಿಸಿಕೊಂಡು ಬದುಕಿಕೊಂಡಳು.

ಈ ಕಥೆಯನ್ನು ನಾನು ಭಾನುವಾರಗಳಂದು ಆ ಮನೆ ನೋಡಲು ಬಂದವರಿಗೆ ಹೇಳುತ್ತಿದ್ದೆ. ಬೇರೆಯವರು ಅಯ್ಯೋ ಪಾಪ ಎನ್ನುವ ಜಾಗದಲ್ಲಿ ನಮ್ಮವರು ಯಾರಾದರೂ ಗುಂಪಿನಲ್ಲಿದ್ದರೆ ವಾಸ್ತು ನೋಡಿಸಬೇಕಿತ್ತು ಸಾರ್ ಎನ್ನುತ್ತಿದ್ದರು.

ಮೈಸೂರಿನ ನಾನು, ಚರಂಡಿ ಪೈಪುಗಳ ಇಳಿಜಾರು ಲೆಕ್ಕ ಹಾಕಿ ಹೊಟ್ಟೆ ಹೊರೆಯುವವನು, ಇಂಗ್ಲಿಷರ ಬಂಗಲೆಯ ಗೈಡಾದದ್ದು ಡಾಕ್ಟರರ ದಯೆಯಿಂದ. ರಕ್ತದೊತ್ತಡ ಏರಿತ್ತು. ಏನು ಯೋಚನೆ ನಿಮಗೆ ಎಂದು ಅವರು ಕೇಳಿದರು. ಎಲ್ಲಿಂದ ಶುರು ಮಾಡಲಿ ಎಂದು ನಾನು ಕೇಳಿದೆ. ಗಾಳಿ ಬೆಳಕಿರುವ ಕಡೆ ಏನಾದರೂ ಹವ್ಯಾಸ ಇಟ್ಟುಕೊಳ್ಳಿ ಎಂದರು. ಬಂಗಲೆಯನ್ನು ನೋಡಿಕೊಳ್ಳುವ ಟ್ರಸ್ಟಿನವರಿಗೆ ಸಂಬಳ ಕೇಳದ ಜನ ಬೇಕಾಗಿತ್ತು. ಮಾತಿನ ಕೆಲಸ ನನಗೆ ಬಂತು, ಮಣ್ಣಿನ ಕೆಲಸ ಹೆಂಡತಿಗೆ. ಮನೆಯ ಚರಿತ್ರೆಯನ್ನು ನಾನು ಎಸ್ಸೆಸ್ಸೆಲ್ಸಿಗೆ ಹೊಡೆದ ಹಾಗೆ ಉರು ಹೊಡೆದೆ. ನಡುವೆ ಯಾರಾದರೂ ಪ್ರಶ್ನೆ ಕೇಳಿದರೆ ಮತ್ತೆ ಕುರಿಯಿಂದ ಶುರು ಮಾಡಬೇಕಾಗುತ್ತಿತ್ತು.

ಚರಿತ್ರೆ ಚೆನ್ನಾಗಿತ್ತು ಎಂದು ಹೇಳಲಾರೆ. ಈ ಗುಡ್ಡ ಮೊದಲು ಖಾಲಿ ಇತ್ತು ಎಂಬ ಸಾಲಿನಿಂದ ಟ್ರಸ್ಟಿನ ಹಳೆಯ ಪಾಠ ಶುರುವಾಗುತ್ತಿತ್ತು. ಅದು ಖಾಲಿ ಇರಲಿಲ್ಲ, ಖಾಲಿ ಮಾಡಿಸಿದರು ಎಂದು ಆಮೇಲೆ ತಿದ್ದಿದರು. ಮನೆಯಾದ ಮೇಲೆ ತೋಟ. ಊರಿನ ನೆನಪಿಗೆ ಎಲ್ಮ್ ಮರ, ಓಕ್ ಮರ, ಕತ್ತರಿಸಿ ಗೋಡೆಯಂತೆ ನಿಲ್ಲಿಸಿದ ಪೊದೆ, ಹುಲ್ಲುಹಾಸು, ಒಂದು ಕೆರೆ. ಫೆಬ್ರವರಿಯ ಬಿಸಿಲಿಗೆ ಹುಲ್ಲು ಪ್ರತಿ ವರ್ಷ ಸಾಯುತ್ತಿತ್ತು, ಪ್ರತಿ ವರ್ಷ ಮತ್ತೆ ಹಾಕಿಸುತ್ತಿದ್ದರು. ಕೆರೆ ಬತ್ತಿತು. ಬೇಲಿಗೆಂದು ತಂದ ಬ್ಲ್ಯಾಕ್‌ಬೆರಿ ಮುಳ್ಳು ಮಾತ್ರ ಯಾರ ಹಂಗೂ ಇಲ್ಲದೆ ಕಣಿವೆಯನ್ನೆಲ್ಲ ನುಂಗಿತು. ಮೊಮ್ಮಕ್ಕಳಲ್ಲಿ ಇಬ್ಬರು ಹುಡುಗರು ಯುದ್ಧಕ್ಕೆ ಹೋಗಿ ವಾಪಸಾಗಲಿಲ್ಲ. ಉಳಿದ ಮೊಮ್ಮಗಳು ಮದುವೆಯಾಗದೆ, ಒಂದೊಂದೇ ಕೋಣೆಗೆ ಬೀಗ ಹಾಕುತ್ತ, ಕೊನೆಗೆ ಅದೇ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ತೀರಿಕೊಂಡಳು. ಮನೆ ಟ್ರಸ್ಟಿಗೆ ಹೋಯಿತು. ನಾವು ಸೇರುವುದಕ್ಕೆ ಮುಂಚಿನ ಒಂದು ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಕಿಡಿ ಹಾರಿ ಎಲ್ಮ್ ಸಾಲು ಸುಟ್ಟುಹೋಗಿತ್ತು. ಉಳಿದದ್ದರಲ್ಲಿ ನೋಡುವಂಥದ್ದು ಮನೆಯ ಬೆನ್ನಿಗಿದ್ದ ಗುಲಾಬಿ ಪಾತಿಗಳು. ಅಲ್ಲಿ ಬಿಸಿಲಿತ್ತಲ್ಲ.

ಆ ಪಾತಿಗಳನ್ನು ನೋಡಿಕೊಳ್ಳುತ್ತಿದ್ದವರು ಎಂಬತ್ತು ದಾಟಿದ ಒಬ್ಬ ಮುದುಕಿ. ಅವರ ಗಂಡ ಆ ಮೊಮ್ಮಗಳ ಕಾಲದಿಂದಲೂ ಬಂಗಲೆಯ ತೋಟಗಾರ, ಸಂಬಳ ತೆಗೆದುಕೊಂಡವರಲ್ಲಿ ಕೊನೆಯವನು. ಅವನು ಹೋದ ಮೇಲೆ ಆಕೆ ಸಂಬಳವಿಲ್ಲದೆ ಅವನ ಕತ್ತರಿ ಹಿಡಿದರು. ನನ್ನ ಹೆಂಡತಿ ಮೊದಲ ದಿನವೇ ಅವರನ್ನು ಆಂಟಿ ಎಂದಳು. ನಾನು ನಿನಗೆ ಯಾವ ಕಡೆಯಿಂದ ಆಂಟಿ ಎಂದು ಅವರು ಹುಬ್ಬೇರಿಸಿದರು. ಒಂದೆರಡು ತಿಂಗಳಲ್ಲಿ ನನ್ನ ಹೆಂಡತಿ ಆಂಟಿ ಎನ್ನದೆ ಹೆಸರು ಹಿಡಿದು ಮಾತಾಡಿಸಿದರೆ ಅವರು ತಿರುಗಿಯೂ ನೋಡುತ್ತಿರಲಿಲ್ಲ.

ಪಾತಿಗಳಲ್ಲಿ ಒಂದು ಹಳೆಯ ಬಿಳಿ ಗುಲಾಬಿ ಇತ್ತು. ಮೊದಲ ಯಜಮಾನಿತಿ ಹಡಗಿನಲ್ಲಿ ತಂದ ಕಡ್ಡಿಯ ಸಂತತಿ ಎಂದು ನಾನು ಜನರಿಗೆ ಹೇಳುತ್ತಿದ್ದೆ. ಇರಬಹುದು. ಆಂಟಿ ಬೇರೆ ಎಲ್ಲ ಗಿಡದ ಹೂವನ್ನೂ ಗಿಡದಲ್ಲೇ ಬಿಟ್ಟು, ಇದರದ್ದನ್ನು ಮಾತ್ರ ತಮ್ಮ ಕೈಯಾರೆ ಕತ್ತರಿಸಿ ನನ್ನ ಹೆಂಡತಿಗೆ ಕೊಡುತ್ತಿದ್ದರು. ಇವಳು ಒದ್ದೆ ಬಟ್ಟೆ ಸುತ್ತಿ ಫ್ರಿಜ್ಜಿನಲ್ಲಿಟ್ಟು, ಶುಕ್ರವಾರ ದೇವರಿಗೆ ಏರಿಸುತ್ತಿದ್ದಳು. ಪ್ರಾಸ್ಪೆಕ್ಟ್ ರಸ್ತೆಯ ನಮ್ಮವರ ಅಂಗಡಿಯಲ್ಲಿ ಸಿಗುವುದು ಬಾಡಿದ ಸೇವಂತಿಗೆ. ಇಂಥ ಹೂವು ಎಲ್ಲಿ ಸಿಗಬೇಕು? ಒಂದು ಸಲ ಇವಳು ಪೂಜೆಯ ಫೋಟೋ ತೋರಿಸಿದಳು. ಆಂಟಿ ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ದೇವರ ತಲೆಯ ಮೇಲಾ ಎಂದು ಕೇಳಿದರು. ಹೌದು ಎಂದಾಗ ಯಾಕೋ ಬಾಯ್ತುಂಬ ನಕ್ಕರು. ಆಗ ನಮಗೆ ಆ ನಗು ಅರ್ಥವಾಗಲಿಲ್ಲ.

ಕಳೆದ ಚಳಿಗಾಲದ ಆರಂಭದಲ್ಲಿ ಟ್ರಸ್ಟಿನವರು ಒಂದು ತೀರ್ಮಾನಕ್ಕೆ ಬಂದರು. ಬಿಸಿಲಿರುವ ಆ ಹಿಂಭಾಗಕ್ಕೆ ಕಲ್ಲು ಹಾಸಿ, ಮದುವೆಗಳಿಗೆ ಬಾಡಿಗೆ ಕೊಡುವುದು. ಚಾವಣಿ ಸೋರುತ್ತಿತ್ತು, ಅವರನ್ನು ಬೈಯುವಂತಿರಲಿಲ್ಲ. ಬೇಕಾದವರು ಗಿಡಗಳನ್ನು ಕಿತ್ತು ಮನೆಗೆ ಒಯ್ಯಬಹುದು ಎಂದರು. ಅದೇ ಹೊತ್ತಿಗೆ ಆಂಟಿಯ ಮಗಳು ಪರ್ತ್‌ನಿಂದ ಬಂದಿದ್ದಳು. ಅಮ್ಮ ಗ್ಯಾಸ್ ಒಲೆ ಆರಿಸುವುದನ್ನು ಮರೆಯುತ್ತಿದ್ದಾಳೆ, ಅಲ್ಲಿನ ಜೂಂಡಲಪ್ ಬಡಾವಣೆಯ ತನ್ನ ಮನೆಯ ಹತ್ತಿರವೇ ಒಂದು ವೃದ್ಧರ ನಿಲಯದಲ್ಲಿ ಕೋಣೆ ಸಿಕ್ಕಿದೆ, ಕರೆದುಕೊಂಡು ಹೋಗುತ್ತೇನೆ ಎಂದಳು.

ಆ ಭಾನುವಾರ ಆಂಟಿ ನಮ್ಮಿಬ್ಬರನ್ನೂ ಪಾತಿಯ ಪಕ್ಕದ ಬೆಂಚಿನ ಮೇಲೆ ಕೂರಿಸಿಕೊಂಡರು. ಬಿಳಿ ಗುಲಾಬಿಯನ್ನು ನೀವು ಒಯ್ಯಬೇಕು ಎಂದರು. ಅದಕ್ಕೇನಂತೆ, ಸಂತೋಷ ಎಂದೆ ನಾನು. ಗಿಡ ಮಾತ್ರ ಅಲ್ಲ, ಬುಡದ ಮಣ್ಣೂ ಎಂದರು. ಆಯಿತು ಎಂದೆ. ನನಗೆ ಕಾರಿನ ಡಿಕ್ಕಿಗೆ ಏನು ಹಾಸುವುದು ಎಂಬ ಯೋಚನೆ ಆಗಲೇ ಹತ್ತಿತ್ತು. ಆಮೇಲೆ ಅವರು ನನ್ನನ್ನು ಬಿಟ್ಟು ಇವಳ ಕಡೆ ತಿರುಗಿದರು.

"ನನ್ನ ಗಂಡ ಅದರಲ್ಲೇ ಇದ್ದಾನೆ, ಡಾರ್ಲ್. ಸುಟ್ಟ ಮೇಲೆ ಬೂದಿ ತಂದು ನಾನೇ ಬುಡಕ್ಕೆ ಬೆರೆಸಿದೆ. ಯಾರಿಗೂ ಹೇಳಿಲ್ಲ. ಬಿಡೋದಿಲ್ಲ ಟ್ರಸ್ಟಿನವರು."

ಪರ್ತ್‌ಗೆ ತಾವೇ ಒಯ್ಯೋಣವೆಂದರೆ ಆಗುವುದಿಲ್ಲ ಎಂದೂ ಹೇಳಿದರು. ಅದು ನಮಗೂ ಗೊತ್ತಿತ್ತು. ಪರ್ತ್ ಇರುವ ಪಶ್ಚಿಮ ಆಸ್ಟ್ರೇಲಿಯಾದೊಳಕ್ಕೆ ಹೊರಗಿನ ಮಣ್ಣು ಬಿಡುವುದಿಲ್ಲ. ನಾವು ಪರ್ತ್‌ನ ಸದರ್ನ್ ರಿವರ್ ಬಡಾವಣೆಯಲ್ಲಿದ್ದಾಗ ನನ್ನ ಬ್ಯಾಗಿನಲ್ಲಿದ್ದ ಒಂದು ಹಿಡಿ ಕರಿಬೇವನ್ನು ಏರ್‌ಪೋರ್ಟಿನ ನಾಯಿ ಮೂಸಿ ಹಿಡಿದಿತ್ತು. ಬೂದಿಯಾಗಿಯೇ ಡಬ್ಬಿಯಲ್ಲಿದ್ದಿದ್ದರೆ ಅವನು ಹೆಂಡತಿಯ ಜೊತೆ ವಿಮಾನ ಹತ್ತಬಹುದಿತ್ತು. ಮಣ್ಣಾಗಿದ್ದರಿಂದ ಗಡಿ ದಾಟುವಂತಿರಲಿಲ್ಲ.

"ಕಲ್ಲು ಹಾಸಿ ಅದರ ಮೇಲೆ ಜನ ಡ್ಯಾನ್ಸ್ ಮಾಡ್ತಾರೆ," ಎಂದರು ಆಂಟಿ. "ಅವನಿಗೆ ಡ್ಯಾನ್ಸ್ ಕಂಡರೆ ಆಗ್ತಿರಲಿಲ್ಲ."

ಕಾರು ಹತ್ತಿ ವಾಪಸ್ ಹೊರಟೆವು. ಟೋಲ್‌ಗೇಟ್ ಇಳಿಜಾರು ಮುಗಿಯುವವರೆಗೂ ನಾನು ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ಬೇರೆಯವರ ಬೂದಿಯನ್ನು ಮನೆಯಲ್ಲಿಟ್ಟುಕೊಂಡರೆ ಯಾವ ಕಾನೂನಿನಲ್ಲಿ ಹಿಡಿಯಬಹುದು ಎಂದು ಯೋಚಿಸುತ್ತಿದ್ದೆ. ಅವಳ ಯೋಚನೆ ಬೇರೆ ಇತ್ತು.

"ಇಷ್ಟು ದಿನ ಅದನ್ನ ದೇವರ ತಲೆ ಮೇಲೆ ಇಟ್ಟೆನಲ್ಲಾರೀ," ಎಂದಳು.

ಮನೆಗೆ ಹೋದವಳೇ ಫ್ರಿಜ್ಜಿನಲ್ಲಿದ್ದ ಹೂಗಳನ್ನು ತೆಗೆದು, ಕಸದ ಡಬ್ಬಿಗೆ ಹಾಕಲೂ ಮನಸ್ಸಾಗದೆ, ಒಳಗಿಡಲೂ ಆಗದೆ, ಹಿತ್ತಲ ನಿಂಬೆಗಿಡದ ಕೆಳಗೆ ಇಟ್ಟಳು. ದೇವರ ಸಾಮಾನನ್ನೆಲ್ಲ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿದಳು. ಇಂಥ ತಪ್ಪಿಗೆ ಏನು ಮಾಡಬೇಕೆಂದು ನಾನು ಮಾರನೆಯ ದಿನ ನಮ್ಮ ಪುರೋಹಿತರಿಗೆ ಫೋನ್ ಮಾಡಿದೆ. ಅವರು ವಾರದ ದಿನಗಳಲ್ಲಿ ಒಂದು ಇನ್ಶೂರೆನ್ಸ್ ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿದ್ದಾರೆ. ಎಲ್ಲ ಕೇಳಿಸಿಕೊಂಡು, ಬೂದಿ ಮಣ್ಣಾಗಿ, ಮಣ್ಣು ಗಿಡವಾಗಿ, ಗಿಡ ಹೂವಾದ ಮೇಲೆ ಮೈಲಿಗೆ ಎಲ್ಲಿಯವರೆಗೆ ಬರುತ್ತದೆಂದು ನಾನು ಓದಿದ್ದರಲ್ಲಿ ಇಲ್ಲ ಸಾರ್, ಮೀಟಿಂಗ್ ಇದೆ, ಸಂಜೆ ನೋಡಿ ಹೇಳುತ್ತೇನೆ ಎಂದರು. ಸಂಜೆ ಫೋನ್ ಬರಲಿಲ್ಲ. ಪರ್ತ್‌ನಲ್ಲೇ ಉಳಿದುಕೊಂಡ ನನ್ನ ಮಗಳು ವಿಷಯ ಕೇಳಿ, "ಅಪ್ಪಾ, ಇಟ್ಸ್ ಅ ಪ್ಲಾಂಟ್," ಎಂದಳು.

ನಮ್ಮಲ್ಲಿ ಅಸ್ಥಿಯನ್ನು ಮನೆಯೊಳಗೆ ತರುವಂತಿಲ್ಲ. ನೀರಿಗೆ ಬಿಡುವವರೆಗೂ ಹೊರಗೆ ಮರಕ್ಕೆ ಕಟ್ಟಿಡಬೇಕು. ನನ್ನ ಅಣ್ಣ ಬ್ರಿಸ್ಬೇನಿನಲ್ಲಿ ಹೃದಯ ನಿಂತು ತೀರಿಕೊಂಡಾಗ ಹಾಗೆಯೇ ಮಾಡಿದೆವು. ಅಂತ್ಯಕ್ರಿಯೆಯ ಕಂಪನಿಯವರು ಅವನನ್ನು ಹಸಿರು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಅತ್ತಿಗೆಯ ಹಿತ್ತಲಿನ ಮಾವಿನ ಮರಕ್ಕೆ ಬಿಳಿ ಪಂಚೆಯಲ್ಲಿ ಕಟ್ಟಿ ತೂಗುಹಾಕಿದೆ. ಮುಸ್ಸಂಜೆಗೆ ಮರ ಹತ್ತುವ ಪಾಸಮ್ ಎಂಬ ಪ್ರಾಣಿಯೊಂದು ಬಂದು ಅದರ ಮೇಲೆ ಕೂತು ಮಾವಿನ ಮಿಡಿ ತಿನ್ನುತ್ತಿತ್ತು. ಕೋಲು ಹಿಡಿದು ಅದನ್ನು ಓಡಿಸುವುದೇ ನನ್ನ ಶೋಕಾಚರಣೆಯಾಯಿತು. ಸಮುದ್ರಕ್ಕೆ ಬಿಡಲು ಹೋದ ದಿನ ಇಳಿತ. ನೀರು ಎಲ್ಲೋ ದೂರ ಸರಿದಿತ್ತು. ಡಬ್ಬಿ ಎತ್ತಿ ಹಿಡಿದುಕೊಂಡು ಮೊಣಕಾಲುದ್ದ ಕೆಸರಿನಲ್ಲಿ ನಡೆದೆ. ಯಾರಾದರೂ ಕೌನ್ಸಿಲಿನವರು, ಇಲ್ಲಿನ ಪುರಸಭೆಯವರು, ನೋಡಿಬಿಟ್ಟರೆ ಎಂದು ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದೆ. ಅತ್ತಿಗೆ ದಡದಲ್ಲಿ ಪಾರ್ಕಿಂಗ್ ಹತ್ತಿರ ನಿಂತಿದ್ದಳು. ಮನೆಗೆ ಬಂದು ಸ್ನಾನ ಮಾಡಿ, ಎಲ್ಲ ಸರಿಯಾಗಿ ಆಯಿತಲ್ಲ ಎಂದು ಊಟ ಮಾಡಿದೆವು.

ಪುರೋಹಿತರ ಫೋನ್ ಬಾರದ ಆ ರಾತ್ರಿ, ಅಡುಗೆಯ ಹೊತ್ತಿಗೆ, ಹೆಂಡತಿ ಬ್ರಿಸ್ಬೇನಿಗೆ ಫೋನ್ ಹಚ್ಚಿದಳು. ಸ್ಪೀಕರ್ ಹಾಕಿ ಬದನೆಕಾಯಿ ಹೆಚ್ಚುತ್ತ ಎಲ್ಲ ಹೇಳಿದಳು: ಆಂಟಿ, ಗುಲಾಬಿ, ಬೂದಿ, ದೇವರು. ಗಿಡ ತರುವುದಾದರೆ ಅಸ್ಥಿಯನ್ನೇ ಮನೆಗೆ ತಂದ ಹಾಗೆ. ತರದಿದ್ದರೆ ಆಂಟಿಗೆ ಏನು ಹೇಳುವುದು? ಅತ್ತಿಗೆ ಬಹಳ ಕಡಿಮೆ ಮಾತಿನವಳು. ಫೋನ್ ಕಟ್ಟಾಯಿತೇನೋ ಎಂದು ನಾನು ನೋಡಲು ಹೋದೆ.

"ಬೀಚಿಗೆ ಹೋದ್ರೆ ಎಲ್ಲಿ ನಿಂತ್ಕೋಬೇಕು ಅಂತಲೇ ಗೊತ್ತಾಗಲ್ಲ ಕಣೆ," ಎಂದಳು ಅತ್ತಿಗೆ. "ನಾಯಿ ಕರ್ಕೊಂಡು ಬಂದಿರ್ತಾರೆ, ಮಕ್ಕಳು ಚಿಪ್ಸ್ ತಿಂತಿರ್ತಾರೆ. ಒಂದು ಗಿಡ ಇದ್ದಿದ್ರೆ ನೀರಾದ್ರೂ ಹಾಕ್ತಿದ್ದೆ. ತಂದ್ಬಿಡು ನೀನು. ಮೈಲಿಗೆ ಆದ್ರೆ ನನಗಾಗ್ಲಿ."

ಹೆಂಡತಿ ಬದನೆಕಾಯಿ ಹೆಚ್ಚಿ ಮುಗಿಸಿದಳು. ಎಲ್ಲಿ ನೆಡುವುದು ಎಂಬ ಪ್ರಶ್ನೆ ಮಾತ್ರ ಉಳಿಯಿತು. ಮನೆಯೊಳಗೆ ಅಲ್ಲವಲ್ಲ, ಹಿತ್ತಲಲ್ಲಿ ನೆಡೋಣ ಎಂದೆ. ಅಲ್ಲಿ ತುಳಸಿ ಇದೆ ಎಂದಳು. ಹಾಗಾದರೆ ಬೇಲಿಯಾಚೆ, ರಸ್ತೆಬದಿಯ ಹುಲ್ಲಿನ ಪಟ್ಟಿಯಲ್ಲಿ ಎಂದೆ. ಅದು ಕೌನ್ಸಿಲಿನದು, ಮೈಲಿಗೆಯೂ ಕೌನ್ಸಿಲಿಗೇ ಸೇರುತ್ತದೆ. ಅವಳು ನನ್ನನ್ನು ನೋಡಿದ ರೀತಿಗೆ ಆ ಸಲಹೆಯನ್ನು ವಾಪಸ್ ತೆಗೆದುಕೊಂಡೆ. ಕೊನೆಗೆ ಬೇಲಿಯೊಳಗೆ, ಮನೆಯಿಂದ ದೂರ, ಲೆಟರ್‌ಬಾಕ್ಸಿನ ಪಕ್ಕ ಎಂದು ಅವಳೇ ಗೊತ್ತು ಮಾಡಿದಳು. ಬೀದಿಗೂ ಅಲ್ಲದ, ಮನೆಗೂ ಅಲ್ಲದ ಜಾಗ.

ಚಳಿ ಗಟ್ಟಿಯಾದ ಜುಲೈ ತಿಂಗಳಲ್ಲಿ, ಗಿಡ ಎಲೆಯುದುರಿಸಿ ಮಲಗಿದ್ದಾಗ ಕಿತ್ತೆವು. ಮಂಜು ಕಣಿವೆಯಿಂದ ಮೇಲೆ ಬಂದು ದಿವಾನಖಾನೆಯ ಕಿಟಕಿಗಳನ್ನು ಮುಚ್ಚಿತ್ತು. ಆಂಟಿ ಕೊಂಬೆಗಳನ್ನು ಮೊಣಕಾಲಿನ ಎತ್ತರಕ್ಕೆ ಕತ್ತರಿಸಿದರು. ಅಗೆಯುವ ಕೆಲಸ ನನ್ನದು. ಸನಿಕೆ ತಾಗಿದಾಗಲೆಲ್ಲ ಯಾರನ್ನು ತಿವಿಯುತ್ತಿದ್ದೇನೆ ಎಂದು ಕೈ ಹಿಂದೆ ಬರುತ್ತಿತ್ತು. "ಹೆದರಬೇಡ, ಅವನಿಗೆ ನೋವಾಗಲ್ಲ," ಎಂದರು ಆಂಟಿ. "ಬೇರಿಗೆ ನೋವಾಗತ್ತೆ. ನಿಧಾನ." ಬೇರು ನಾವೆಣಿಸಿದ್ದಕ್ಕಿಂತ ಆಳಕ್ಕೆ ಇಳಿದಿತ್ತು. ದಪ್ಪನೆಯದೊಂದು ನನ್ನ ಸನಿಕೆಗೆ ಸಿಕ್ಕಿ ಕಟಕ್ಕೆಂದು ಮುರಿಯಿತು. ಗೋಣಿತಟ್ಟು ಹಾಸಿ, ಗಿಡ ಮಲಗಿಸಿ, ಆಂಟಿ ಮಂಡಿಯೂರಿ ಕೂತು ಪಾತಿಯ ಮಣ್ಣನ್ನು ಬೊಗಸೆ ಬೊಗಸೆಯಾಗಿ ಅದರ ಸುತ್ತ ಹಾಕಿದರು. ಹೆಂಡತಿ ಕೈಗವಸು ಹಾಕಿಕೊಂಡು ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದಳು. ಆಮೇಲೆ ಕೈಗವಸು ತೆಗೆದು ತಾನೂ ಕೂತಳು.

ಪಾತಿಯ ಮಣ್ಣೆಲ್ಲ ತರಲಾಗಲಿಲ್ಲ. ಕಾರು ಸಣ್ಣದು. ಎಷ್ಟು ಬಂತು, ಎಷ್ಟು ಅಲ್ಲೇ ಉಳಿಯಿತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಲೆಟರ್‌ಬಾಕ್ಸಿನ ಪಕ್ಕ ನೆಟ್ಟ ಮೇಲೆ ಹೆಂಡತಿ ಹೊರಗಿನ ನಲ್ಲಿಯಲ್ಲಿ ಕೈಕಾಲು ತೊಳೆದು, ಮುಂಬಾಗಿಲಿಗೆ ಬರದೆ ಲಾಂಡ್ರಿಯ ಬಾಗಿಲಿನಿಂದ ಒಳಗೆ ಹೋಗಿ ತಲೆಗೆ ಸ್ನಾನ ಮಾಡಿದಳು. ನನಗೂ ಮಾಡಿಸಿದಳು. ಆ ಚಳಿಯಲ್ಲಿ ನನಗೆ ನೆಗಡಿಯಾಯಿತು. ಅದು ನ್ಯುಮೋನಿಯಾ ಇರಬಹುದೆಂದು ನಾನು ಒಂದು ವಾರ ನಂಬಿದ್ದೆ.

ಆಂಟಿ ಹೊರಟುಹೋದರು. ಜೂಂಡಲಪ್‌ನಿಂದ ಭಾನುವಾರ ಮಧ್ಯಾಹ್ನ ಫೋನ್ ಮಾಡುತ್ತಿದ್ದರು. ಕೋಣೆಯ ಕಿಟಕಿಯಿಂದ ಕಾರ್ ಪಾರ್ಕ್ ಕಾಣುತ್ತದೆ, ನೆಲ ಬರೀ ಮರಳು, ಇಲ್ಲಿ ಏನೂ ಬರುವುದಿಲ್ಲ ಎನ್ನುತ್ತಿದ್ದರು. ಆಮೇಲೆ ಮುಖ್ಯ ವಿಷಯ: ಅವನು ಚಿಗುರಿದನೇ? ಆಗಸ್ಟ್ ಪೂರ್ತಿ ಗಿಡ ಒಣ ಕಡ್ಡಿಯ ಹಾಗೆ ನಿಂತಿತ್ತು. ನಾನು ದಿನಾ ಆಫೀಸಿಗೆ ಹೋಗುವಾಗ ಉಗುರಿನಿಂದ ತೊಗಟೆ ಕೆರೆದು ಹಸಿರಿದೆಯೇ ಎಂದು ನೋಡುತ್ತಿದ್ದೆ. ನೀವು ಕೆರೆದೂ ಕೆರೆದೂ ಸಾಯಿಸ್ತೀರ ಎಂದು ಹೆಂಡತಿ ಬೈದಳು. ಸೆಪ್ಟೆಂಬರಿನಲ್ಲಿ ಬುಡದಿಂದ ಒಂದು ಚಿಗುರು ಎದ್ದಿತು. ನಾವಿಬ್ಬರೂ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದನ್ನು ನೋಡಿ ಅಂಚೆಯವನು ಏನಾದರೂ ಕಳೆದಿದೆಯೇ ಎಂದು ಕೇಳಿದ.

ದೀಪಾವಳಿಗೆ ಅತ್ತಿಗೆ ಬಂದಳು. ಬಂದ ಮಾರನೆಯ ಬೆಳಿಗ್ಗೆ ಕಾಫಿಗೂ ಮುಂಚೆ ತಂಬಿಗೆಯಲ್ಲಿ ನೀರು ಹಿಡಿದು ಹೊರಗೆ ಹೋದಳು. ಹಾಕಿ, ನಿಂತಳು. ಯಾರೋ ಇಂಗ್ಲಿಷ್ ತೋಟಗಾರ. ಇವಳು ಅವನ ಫೋಟೋ ಕೂಡ ನೋಡಿದವಳಲ್ಲ. ಇರುವಷ್ಟು ದಿನವೂ ಹಾಗೆಯೇ ಮಾಡಿದಳು. ಒಳಗೆ ಬರುವಾಗ ಸ್ನಾನ ಮಾಡು ಎಂದು ನನ್ನ ಹೆಂಡತಿ ಹೇಳಲಿಲ್ಲ. ಅಡುಗೆಮನೆಯ ಕಿಟಕಿಯಿಂದ ನೋಡಿ, ಡಿಕಾಕ್ಷನ್ ಇನ್ನೊಂದು ಸಲ ಬಿಸಿಗಿಟ್ಟಳು.

ಅತ್ತಿಗೆ ಇದ್ದಾಗಲೇ ಗಿಡ ಹೂ ಬಿಟ್ಟಿತು. ಬಿಳಿಯದಲ್ಲ. ಕಡುಗೆಂಪು, ಸಣ್ಣದು, ವಾಸನೆಯಿಲ್ಲದ್ದು.

ಭಾನುವಾರ ಫೋನ್ ಬಂತು. ಹೂ ಬಿಟ್ಟಿದೆ ಎಂದಳು ಹೆಂಡತಿ. ಆಂಟಿಯ ದನಿ ಮೇಲೇರಿತು. ಎಷ್ಟು ದೊಡ್ಡದು, ವಾಸನೆ ಇದೆಯಾ, ಅಂಚು ಸ್ವಲ್ಪ ಹಸಿರಿದೆಯಾ ಎಂದು ಕೇಳಿದರು. ಬಿಳಿ ಅಂದುಬಿಡು ಎಂದು ನಾನು ಇವಳಿಗೆ ಕೈಸನ್ನೆ ಮಾಡಿದೆ. ಇವಳು ನನಗೆ ಬೆನ್ನು ತಿರುಗಿಸಿದಳು.

"ಕೆಂಪು, ಆಂಟಿ."

ಆ ಕಡೆ ಯಾರೋ ಟ್ರಾಲಿ ತಳ್ಳಿಕೊಂಡು ಹೋದ ಸದ್ದು ಕೇಳಿಸಿತು. ಆಮೇಲೆ ಆಂಟಿ ಬಿಡಿಸಿ ಹೇಳಿದರು. ಹಳೆಯ ಗುಲಾಬಿಗಳನ್ನು ಬೇರೆಯದೊಂದು ಗಟ್ಟಿ ಗುಲಾಬಿಯ ಬೇರಿಗೆ ಕಸಿ ಮಾಡಿರುತ್ತಾರೆ. ಬಿಳಿಯದು ಸತ್ತಿದೆ. ಎದ್ದಿರುವುದು ಕೆಳಗಿನ ಬೇರಿನದು. ಅಂಥ ಚಿಗುರು ಕಂಡರೆ ಅವನು ಬುಡಕ್ಕೇ ಕತ್ತರಿಸಿ ಎಸೆಯುತ್ತಿದ್ದ.

"ಕತ್ತರಿಸಲಾ?" ಎಂದಳು ಇವಳು.

"ಮಣ್ಣು ಬದಲಾಯಿಸಿಲ್ಲ ತಾನೇ?"

"ಇಲ್ಲ. ನೀವು ಹಾಕಿದ್ದೇ."

"ಹಾಗಾದ್ರೆ ಇರಲಿ, ಡಾರ್ಲ್."

ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುವುದು ನನಗೆ ಸುಲಭವಿತ್ತು. ಮುಂದಿನ ಭಾನುವಾರ ಆಂಟಿ ಫೋನ್ ಮಾಡಿ, ಅವನು ಹೂ ಬಿಟ್ಟನೇ ಎಂದು ಕೇಳಿದರು. ಹಿಂದಿನ ವಾರದ ಮಾತು ಅವರಲ್ಲಿ ಉಳಿದಿರಲಿಲ್ಲ. ಇವಳು ಮತ್ತೆ ಕೆಂಪು ಎಂದಳು. ಅವರು ಮತ್ತೆ ಕಸಿಯ ವಿಷಯ ಹೇಳಿ, ಬಿಳಿಯದು ಸತ್ತಿದೆ ಎಂದು ತಾವೇ ಮತ್ತೆ ಕಂಡುಕೊಂಡರು. ಅದರ ಮುಂದಿನ ವಾರವೂ ಅಷ್ಟೆ. ಈ ಬೇಸಿಗೆಯೆಲ್ಲ ಹೀಗೇ ನಡೆದಿದೆ. ಬಿಳಿ ಅಂದರೆ ಯಾರ ಗಂಟು ಹೋಗುತ್ತದೆ, ಪ್ರತಿ ವಾರ ಅವರನ್ನು ಯಾಕೆ ನೋಯಿಸುತ್ತೀಯ ಎಂದು ನಾನು ಇವಳ ಜೊತೆ ಜಗಳ ಆಡಿದ್ದೇನೆ.

"ಅವರ ಗಂಡನ ವಿಷಯ ಅದು. ಬಾಯಿಗೆ ಬಂದಿದ್ದು ಹೇಳೋಕೆ ನಾವ್ಯಾರು?" ಎಂದಳು. "ಕೊನೇಲಿ ಇರಲಿ ಅಂತಾರಲ್ಲ. ಅದನ್ನ ಅವರೇ ಅನ್ಬೇಕು."

ಟ್ರಸ್ಟಿನವರು ಕಲ್ಲು ಹಾಸಿ ಮುಗಿಸಿದ್ದಾರೆ. ಬಂಗಲೆಯ ಹಿಂಭಾಗ ಈಗ ಬೆಳ್ಳಗೆ, ಚೊಕ್ಕಟವಾಗಿದೆ. ಅಲ್ಲಿಗೆ ಜನರನ್ನು ಕರೆದೊಯ್ದಾಗ ನನ್ನ ಉರು ಹೊಡೆದ ಪಾಠದಲ್ಲಿ ಒಂದು ಕಡೆ ಮಾತು ನಿಂತುಹೋಗುತ್ತದೆ. ಮತ್ತೆ ಕುರಿಯಿಂದ ಶುರು ಮಾಡುತ್ತೇನೆ. ಹೆಂಡತಿ ಅಲ್ಲಿಗೆ ಬರುವುದನ್ನು ಬಿಟ್ಟಿದ್ದಾಳೆ. ದೇವರಿಗೆ ಅಂಗಡಿಯ ಸೇವಂತಿಗೆಯೇ ಆಗಿದೆ. ಕೆಂಪು ಗುಲಾಬಿಯನ್ನು ಅವಳು ಕೀಳುವುದಿಲ್ಲ. ಅದು ಗಿಡದಲ್ಲೇ ಅರಳಿ, ಲೆಟರ್‌ಬಾಕ್ಸಿನ ಮೇಲೆ ಉದುರುತ್ತದೆ. ಭಾನುವಾರ ಮಧ್ಯಾಹ್ನ ಫೋನ್ ಬಡಿದುಕೊಂಡರೆ ಮಾತ್ರ ಒಳಗೆ ಕೂತು ಎತ್ತುವುದಿಲ್ಲ. ಎಂಥ ಬಿಸಿಲಿದ್ದರೂ ಚಪ್ಪಲಿ ಮೆಟ್ಟಿಕೊಂಡು, ಬಡಿದುಕೊಳ್ಳುತ್ತಿರುವ ಫೋನನ್ನು ಕೈಯಲ್ಲಿ ಹಿಡಿದು, ಗಿಡದ ಹತ್ತಿರ ಹೋಗಿ ನಿಂತು, ಆಮೇಲೆ ಹಲೋ ಎನ್ನುತ್ತಾಳೆ.